ಪುಷ್ಯ ಮಳೆಯಲ್ಲಿ ತೊಳೆದ ಪುಡಿ

ಆ ದಿನ ಲ್ಯಾಬಿನಲ್ಲಿ ಇದ್ದವರು ನಾವು ನಾಲ್ಕೇ ಜನ. ಕಿಟಕಿಯ ಹತ್ತಿರ, ಕೈಯಲ್ಲಿ ಕುದುರೆ ಲಾಳದ ಅಯಸ್ಕಾಂತ ಹಿಡಿದು ನರಹರಿ ಸಾರ್. ಬಾಗಿಲಿಗೆ ಒರಗಿಕೊಂಡು ಕೆಮಿಸ್ಟ್ರಿ ಅಟೆಂಡರ್ ದ್ಯಾವಣ್ಣ. ಅವನು ಆನಂದಪುರದವನು, ದಿನಾ ಬೆಳಗಿನ ಬಸ್ಸಿಗೆ ಸಾಗರಕ್ಕೆ ಬರುತ್ತಿದ್ದ. ಮೇಜಿನ ಎದುರಿಗೆ, ಇರುವ ಒಂದೇ ಒಳ್ಳೆಯ ಕುರ್ಚಿಯಲ್ಲಿ ಪ್ರಿನ್ಸಿಪಾಲರು. ಅವರನ್ನು ಸಾರೇ ಕರೆದು ಕೂರಿಸಿದ್ದರು. ನಾನು ಪಿಂಗಾಣಿ ಬಟ್ಟಲು ಹಿಡಿದುಕೊಂಡು ನಿಂತಿದ್ದೆ. ಬಟ್ಟಲಲ್ಲಿ ಕಾಡಿಗೆಯ ಹಾಗೆ ಕಪ್ಪಾದ ಪುಡಿ. ನಮ್ಮ ಕಾಲೇಜಿನಲ್ಲಿ ಮಾಡಿದ ಮೊದಲ ಫೆರೈಟ್, ಅಯಸ್ಕಾಂತ ಕಂಡರೆ ಎದ್ದು ಅಂಟಬೇಕಾದ ಕಬ್ಬಿಣದ ಪುಡಿ.

ಸಾರ್ ಅಯಸ್ಕಾಂತವನ್ನು ಪುಡಿಯ ಮೇಲೆ ತಂದರು. ಪುಡಿ ಅಲ್ಲಾಡಲಿಲ್ಲ. ಇನ್ನೂ ಕೆಳಗೆ ಇಳಿಸಿದರು. ಇಲ್ಲ. ಕೊನೆಗೆ ಪುಡಿಯೊಳಗೇ ಅದ್ದಿ ತೆಗೆದರು. ಅಯಸ್ಕಾಂತದ ತುದಿ ಕಪ್ಪಾಯಿತು, ಒರೆಸಿದರೆ ಹೋಯಿತು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ಒಂದು ಸಲ ಸಾರನ್ನು, ಒಂದು ಸಲ ಬಟ್ಟಲನ್ನು ನೋಡಿದರು. ಸಾರ್ ಹೊರಗೆ ಹೋಗಿ, ನಾವು ಪುಡಿ ಕುದಿಸಿದ್ದ ತಾಮ್ರದ ಹಂಡೆಯನ್ನು ಎತ್ತಿಕೊಂಡು ಬಂದರು. ಒಳಗೆ ಉಗುರಿನಿಂದ ಕೆರೆದು, ಮೂಸಿ, ದ್ಯಾವಣ್ಣನ ಕಡೆ ತಿರುಗಿದರು.

"ಇದು ಎಲ್ಲಿದು ಮಾರಾಯ?"

ದ್ಯಾವಣ್ಣ ತಲೆ ಕೆರೆದುಕೊಂಡ. ನಮ್ಮ ಬೀಕರುಗಳು ಚಿಕ್ಕವಾದವು ಎಂದು ಅವನು ಊರಿನಲ್ಲಿ ಒಬ್ಬರ ಮನೆಯಿಂದ ಅಡಿಕೆ ಬೇಯಿಸುವ ಹಂಡೆ ಎರವಲು ತಂದಿದ್ದ. ಹುಳಿ ಹಾಕಿ ತಿಕ್ಕಿದ್ದೆ ಸಾರ್, ಥಳಥಳ ಅಂತಿತ್ತು ಅಂದ. ತಿಕ್ಕಿದ್ದು ಹೊರಗಡೆ. ಒಳಗಿನ ಕಂಠದಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿ ಉಳಿದ ಒಗರು ರಸ, ಹಾಗೇ ಗಟ್ಟಿಯಾಗಿ ಕೂತಿತ್ತು. ಚೊಗರಿಗೆ ಕಬ್ಬಿಣ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಮುದುಕಿಯರಿಗೂ ಗೊತ್ತು. ಹಿಂದೆ ಅದರಲ್ಲೇ ಲೆಕ್ಕಣಿಕೆಗೆ, ಬರೆಯುವ ಕಡ್ಡಿಗೆ, ಮಸಿ ಮಾಡುತ್ತಿದ್ದರು.

"ನಾವು ಮಾಡಿದ್ದು ಫೆರೈಟ್ ಅಲ್ಲ ಸಾರ್, ಶಾಯಿ," ಅಂದರು ನರಹರಿ ಸಾರ್, ಪ್ರಿನ್ಸಿಪಾಲರಿಗೆ.

"ಒಳ್ಳೇದೇ ಆಯ್ತಲ್ಲ, ಪರೀಕ್ಷೆ ಹತ್ರ ಬಂತು," ಅಂತ ಹೇಳಿ ಪ್ರಿನ್ಸಿಪಾಲರು ಎದ್ದು ಹೋದರು.

ಅವರು ಹೋದ ಮೇಲೆ ಸಾರ್ ರೆಕಾರ್ಡ್ ಪುಸ್ತಕ ತೆಗೆದು ಎರಡು ಹೊಸ ಕಾಲಂ ಗೆರೆ ಎಳೆದರು. ಒಂದರ ಮೇಲೆ 'ಪಾತ್ರೆ' ಎಂದು ಬರೆದರು, ಇನ್ನೊಂದರ ಮೇಲೆ 'ನೀರು'. ಯಾವ ಪಾತ್ರೆ, ಯಾವ ನೀರು, ಪ್ರತಿಸಲ ಬರೆಯಬೇಕು; ಬರೆಯುವ ಕೆಲಸ ಸುಲೋಚನಳದ್ದು, ಅಂದರೆ ನನ್ನದು, ಅಂದರು. ಈ ಎರಡನೇ ಕಾಲಮ್ಮಿನಲ್ಲಿ ನಾನು ಒಂದು ಸಲ ಸುಳ್ಳು ಬರೆದೆ. ನನ್ನ ಮೂವತ್ತು ಚಿಲ್ಲರೆ ವರ್ಷದ ಚಾಕರಿಯಲ್ಲಿ ಬಾಕಿ ಎಲ್ಲ ಮರೆತರೂ ಅದೊಂದು ಮರೆಯುವುದಿಲ್ಲ. ಹೊಸದಾಗಿ ಲ್ಯಾಬಿಗೆ ಸೇರುವವರು ಕೇಳಲಿ ಅಂತ ಅದನ್ನೇ ಹೇಳಲು ಕೂತಿದ್ದೇನೆ. ಬಡ್ತಿ, ಸರ್ವಿಸ್ ರಿಜಿಸ್ಟರು, ಬೀಳ್ಕೊಡುಗೆಗೆ ಹಾಕಿದ ಹಾರ, ಅವೆಲ್ಲ ಎಲ್ಲರಿಗೂ ಇದ್ದದ್ದೇ, ಬಿಡಿ.

ನಾನು ತೀರ್ಥಹಳ್ಳಿ ಕಡೆಯ ಮೇಳಿಗೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಸಾಗರದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಫಿಸಿಕ್ಸ್ ಲ್ಯಾಬಿಗೆ ತಾತ್ಕಾಲಿಕ ಅಟೆಂಡರ್ ಆಗಿ ಸೇರಿದೆ. ಎಪ್ಪತ್ತರ ದಶಕದ ಮಧ್ಯ ಅದು. ಹೆಂಗಸು ಲ್ಯಾಬಿಗೆ ಬಂದದ್ದು ಅಲ್ಲಿ ಮೊದಲು. ಬಂದ ಮೂರನೇ ದಿನ ಸಾರ್ ನನ್ನ ಕೈಗೆ ಅಗೇಟ್ ಕಲ್ಲಿನ ಪುಟ್ಟ ಖಲಬತ್ತು ಕೊಟ್ಟು, ಇದನ್ನು ಎರಡು ತಾಸು ಅರೆಯಬೇಕು, ಬಲ ಹಾಕಬಾರದು ಅಂದರು. ನಮ್ಮಜ್ಜಿ ಮಕ್ಕಳಿಗೆ ಬಜೆ ತೇಯುವಾಗ ಹೇಳುತ್ತಿದ್ದದ್ದೂ ಅದೇ: 'ಕೈ ತೇಯಬೇಕು ಕಣೆ, ಭುಜ ಅಲ್ಲ.' ಎರಡು ತಾಸು ಅರೆದೆ. ಸಾರ್ ಚಿಟಿಕೆ ಪುಡಿ ಬೆರಳಲ್ಲಿ ಉಜ್ಜಿ ನೋಡಿ, "ನಿನ್ನ ಅಜ್ಜಿ ಯಾವ ಯೂನಿವರ್ಸಿಟಿ?" ಎಂದು ಕೇಳಿದರು. ಅವತ್ತಿನಿಂದ ಆ ಲ್ಯಾಬು ನನ್ನದಾಯಿತು.

ನರಹರಿ ಸಾರ್ ಹೊಸನಗರದ ಕಡೆಯವರು. ಅವರು ಹುಟ್ಟಿದ ಮನೆ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿ ಇತ್ತು. ಅದನ್ನು ಅವರು ದುಃಖದಿಂದ ಹೇಳುತ್ತಿರಲಿಲ್ಲ. ಕರೆಂಟು ಕೈಕೊಟ್ಟಾಗ ಮಾತ್ರ, "ನಮ್ಮ ಅಡುಗೆಮನೆ ಮುಳುಗ್ಸಿ ಮಾಡಿದ ಕರೆಂಟು, ನಮ್ಗೇ ಇಲ್ಲ ನೋಡು," ಅನ್ನುತ್ತಿದ್ದರು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಅವರು ಡಾಕ್ಟರೇಟಿಗೆ ಹೆಸರು ನೋಂದಾಯಿಸಿದ್ದರು. ವಿಷಯ ನಿಕಲ್, ಜಿಂಕ್ ಸೇರಿಸಿದ ಫೆರೈಟ್. ನಮ್ಮ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದರೆ ಒಳಗೆ ಬಳಪದ ಹಾಗೆ ಕಪ್ಪು ಕಡ್ಡಿಯೊಂದು ಸಿಗುತ್ತದಲ್ಲ, ತಂತಿ ಸುತ್ತಿದ್ದು, ಅದೇ ಜಾತಿಯ ವಸ್ತು. ಗೈಡ್ ದೂರದ ನಗರದಲ್ಲಿ. ಎಕ್ಸ್‌ರೇ ಯಂತ್ರವೂ ಅಲ್ಲೇ. ಪುಡಿ ಮಾಡುವುದು, ಅದರ ಅಯಸ್ಕಾಂತ ಗುಣ ಅಳೆಯುವುದು ಮಾತ್ರ ನಮ್ಮಲ್ಲಿ.

ಈ ವಸ್ತುವಿನ ಒಳಗಿನ ರಚನೆಗೆ ಸ್ಪಿನೆಲ್ ಅನ್ನುತ್ತಾರೆ. ನನಗೆ ಅದು ಅರ್ಥವಾಗಲಿ ಎಂದು ಸಾರ್ ಮದುವೆ ಊಟದ ಪಂಕ್ತಿ ಹೇಳಿದ್ದರು. ಎರಡು ಸಾಲು. ಒಂದು ಸಾಲಿನಲ್ಲಿ ಎಲೆ ಕಡಿಮೆ, ಇನ್ನೊಂದರಲ್ಲಿ ಅದರ ಎರಡರಷ್ಟು. ಜಿಂಕ್ ಬಂದರೆ ಸಣ್ಣ ಸಾಲಿನಲ್ಲೇ ಕೂರುತ್ತದೆ. ನಿಕಲ್ ದೊಡ್ಡ ಸಾಲು ಬಿಟ್ಟು ಏಳುವುದಿಲ್ಲ. ಕಬ್ಬಿಣ ಮನೆಯವರಿದ್ದ ಹಾಗೆ, ಎಲ್ಲಿ ಎಲೆ ಖಾಲಿಯೋ ಅಲ್ಲಿ. ಎರಡು ಸಾಲಿನವರೂ ಒಬ್ಬರಿಗೊಬ್ಬರು ವಿರುದ್ಧ ಮುಖ. ಒಂದು ಸಾಲಿನ ಬಲ ಇನ್ನೊಂದಕ್ಕಿಂತ ಎಷ್ಟು ಜಾಸ್ತಿಯೋ ಅಷ್ಟೇ ಅಯಸ್ಕಾಂತದ ಶಕ್ತಿ ಹೊರಗೆ ಕಾಣುತ್ತದೆ. ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಆಮೇಲೆ ಹೇಳಲಿಲ್ಲ.

ಕೆಲಸದ ರೀತಿ ಇಷ್ಟೇ. ಕಬ್ಬಿಣ, ನಿಕಲ್, ಜಿಂಕ್ ಇವುಗಳ ಮೂರು ಲವಣಗಳನ್ನು ನೀರಿನಲ್ಲಿ ಕರಗಿಸಿ, ಕಾಸ್ಟಿಕ್ ಸೋಡದ ಬಿಸಿ ದ್ರಾವಣಕ್ಕೆ ಸುರಿದರೆ ಕಂದು ಬಣ್ಣದ ಗಸಿ ಇಳಿಯುತ್ತದೆ. ಅದನ್ನು ಕುದಿಸುವುದು, ಆಮೇಲೆ ತೊಳೆಯುವುದು. ತೊಳೆಯುವುದೇ ಮುಖ್ಯ. ಅಕ್ಕಿ ತೊಳೆದ ಹಾಗೆ ನೀರು ಹಾಕಿ, ಕಲಕಿ, ಕೂರಲು ಬಿಟ್ಟು, ಮೇಲಿನ ನೀರು ಬಗ್ಗಿಸಿ, ಮತ್ತೆ ಹಾಕಿ. ಉಪ್ಪಿನ ಅಂಶ ಪೂರಾ ಹೋಯಿತೋ ಇಲ್ಲವೋ ನೋಡಲು ಬಗ್ಗಿಸಿದ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡಬೇಕು. ಹಾಲಿನ ಹಾಗೆ ಬಿಳುಪಾದರೆ ಉಪ್ಪು ಇದೆ. ತಿಳಿಯಾಗಿಯೇ ಉಳಿದರೆ ಮುಗಿಯಿತು. ಇದಕ್ಕೆಲ್ಲ ಭಟ್ಟಿ ಇಳಿಸಿದ ಶುದ್ಧ ನೀರೇ ಬೇಕು. ಬಾವಿ ನೀರು, ನಲ್ಲಿ ನೀರು ಕೂಡದು.

ತೊಳೆದ ಪುಡಿಯನ್ನು ಒಣಗಿಸಿ, ಕೆಲವನ್ನು ಹಾಗೇ ಇಡುತ್ತಿದ್ದೆವು. ಕೆಲವನ್ನು ಕುಲುಮೆಗೆ ಹಾಕಿ ಕೆಂಪಗೆ ಕಾಯಿಸುತ್ತಿದ್ದೆವು. ಕುಲುಮೆಯ ಕತೆ ಒಂದಿದೆ. ಪಕ್ಕದ ರಸ್ತೆಯಲ್ಲಿ ಅಕ್ಕಿ ಗಿರಣಿ. ಅದು ಓಡುತ್ತಿದ್ದರೆ ನಮ್ಮಲ್ಲಿ ವೋಲ್ಟೇಜ್ ಬಿದ್ದುಹೋಗಿ ಕುಲುಮೆ ಉಗುರುಬೆಚ್ಚಗೆ ಕೂರುತ್ತಿತ್ತು. ಗಿರಣಿಯವರು ಅಮಾವಾಸ್ಯೆ ದಿನ ಯಂತ್ರ ಮುಟ್ಟುತ್ತಿರಲಿಲ್ಲ. ಹಾಗಾಗಿ ನಮ್ಮ ಕುಲುಮೆಗೆ ಅಮಾವಾಸ್ಯೆಯೇ ಮುಹೂರ್ತ. ಫಿಸಿಕ್ಸ್‌ನವರು ಅಮಾವಾಸ್ಯೆ ಅಮಾವಾಸ್ಯೆಗೆ ಕರಿಪುಡಿ ಸುಡುತ್ತಾರಂತೆ ಎಂದು ಊರಲ್ಲಿ ಸುದ್ದಿಯಾಗಿ, ಮಗುವಿಗೆ ದೃಷ್ಟಿ ತೆಗೆಸಬೇಕು ಅಂತ ಒಬ್ಬಾಕೆ ಕಾಲೇಜು ಗೇಟಿಗೇ ಬಂದಿದ್ದಳು. ದ್ಯಾವಣ್ಣ ಒಂದು ಚಿಟಿಕೆ ಉಪ್ಪು ನಿವಾಳಿಸಿ ಕಳಿಸಿದನಂತೆ. ಮಗುವಿಗೆ ಗುಣವಾಯಿತು ಅಂತಲೂ ಅವನೇ ಹೇಳಿದ.

ಇನ್ನು ಆ ಸುಳ್ಳಿನ ವಿಷಯ.

ಮಳೆಗಾಲ. ಎಕ್ಸ್‌ರೇ ಯಂತ್ರ ನಮ್ಮ ಸಾರಿಗೆ ಒಂದು ಸೋಮವಾರ ಮಾತ್ರ ಸಿಗುತ್ತದೆ, ತಪ್ಪಿದರೆ ಮುಂದಿನ ವರ್ಷ ಎಂದು ಗೈಡ್ ಕಾಗದ ಬರೆದಿದ್ದರು. ಗುರುವಾರ ಗಸಿ ಇಳಿಸಿ ಕುದಿಸಿದ್ದಾಗಿತ್ತು. ಅಷ್ಟರಲ್ಲಿ ಸಾರಿಗೆ ಊರಿಂದ ಕರೆ ಬಂತು, ದೊಡ್ಡಪ್ಪ ತೀರಿಕೊಂಡರೆಂದು. ಸುಲೋಚನ, ತೊಳೆದು ಒಣಗಿಸಿಡು, ಭಾನುವಾರ ಬಂದು ತಗಂಡು ಹೋಗ್ತೀನಿ ಎಂದು ಹೇಳಿ ಹೊಸನಗರದ ಬಸ್ಸು ಹತ್ತಿದರು.

ಶುಕ್ರವಾರ ಬೆಳಿಗ್ಗೆ ಭಟ್ಟಿಗೆ ಸ್ವಿಚ್ ಹಾಕಿದೆ. ನೀರು ತುಂಬಿದೆಯೋ ಇಲ್ಲವೋ ನೋಡಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಏನೋ ಮಾತು ಬಂದು ತಲೆ ಬೇರೆ ಕಡೆ ಇತ್ತು. ಸುಟ್ಟ ವಾಸನೆ ಬಂದಾಗ ಓಡಿದೆ. ಕಾಯಿಲ್ ಸುಟ್ಟುಹೋಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಂತ್ರ ಸುಟ್ಟವಳು ಅಂತ ಒಂದು ಚೀಟಿ ಹೋದರೆ ನಾನು ಮೇಳಿಗೆಗೆ ವಾಪಸ್. ದ್ಯಾವಣ್ಣನನ್ನು ಕರೆದು ತೋರಿಸಿದೆ. ಕಾಯಿಲ್ ನಾನು ಎಲ್ಲಿಂದಾದ್ರೂ ಹೊಂದಿಸ್ತೀನಿ, ಆದ್ರೆ ಮಂಗಳವಾರದ ಒಳಗೆ ಆಗಲ್ಲ ಅಂದ. ಇದ್ದ ಶುದ್ಧ ನೀರು ಒಂದು ಬಾಟಲಿ, ಎರಡು ಸಲ ತೊಳೆಯಲೂ ಸಾಲದು.

ಹೊರಗೆ ಪುಷ್ಯ ನಕ್ಷತ್ರದ ಮಳೆ ಹೊಡೆಯುತ್ತಿತ್ತು. ನಮ್ಮಜ್ಜಿ ಕಣ್ಣಿಗೆ ಬಿಡುವ ಔಷಧಿಗೆ ಪುಷ್ಯದ ನೀರನ್ನೇ ಹಿಡಿಯುತ್ತಿದ್ದಳು. ಮೊದಲ ಮಳೆಗಳು ಆಕಾಶ ತೊಳೆಯೋದಕ್ಕೆ, ಪುಷ್ಯದ್ದು ನಮಗೆ ಅನ್ನುತ್ತಿದ್ದಳು. ಮಾಡಿನಿಂದ ಇಳಿದ ನೀರಲ್ಲ, ಬಯಲಲ್ಲಿ ನೇರ ಬಿದ್ದದ್ದು. ನಾನು ಬಿಳಿಯ ಎನಾಮಲ್ ಬೇಸಿನ್ನು ತಿಕ್ಕಿ, ಉಳಿದಿದ್ದ ಶುದ್ಧ ನೀರಿನಲ್ಲಿ ಒಂದು ಸಲ ಅಲುಬಿ, ಕಾಲೇಜಿನ ಹಿಂದಿನ ಆಟದ ಬಯಲಿನ ನಡುವೆ ಸ್ಟೂಲ್ ಇಟ್ಟು ಅದರ ಮೇಲೆ ಇಟ್ಟೆ. ಅರ್ಧ ಗಂಟೆಯಲ್ಲಿ ತುಂಬಿತು. ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಟ್ಟೆ. ಕನ್ನಡಿಯ ಹಾಗೆ ತಿಳಿಯಾಗಿಯೇ ಇತ್ತು.

ಎರಡು ದಿನ ತೊಳೆದೆ. ಹದಿನೇಳು ಸಲ. ದ್ಯಾವಣ್ಣ ಕೊಡೆ ಹಿಡಿದುಕೊಂಡು ಬೇಸಿನ್ನು ತಂದುಕೊಡುವುದು, ನಾನು ಬಗ್ಗಿಸುವುದು. ಒಣಗಿಸಿ, ಸಾರ್ ಒಯ್ಯುವ ಪಾಲು ಬೇರೆ ಇಟ್ಟು, ಮಿಕ್ಕಿದ್ದನ್ನು ಬಾಟಲಿಗೆ ತುಂಬಿ, ಸಾರ್ ಹಾಕಿದ ನಂಬರಿನ ಕೆಳಗೆ ನನ್ನ ಗುರುತಿಗೆ ಪೆನ್ಸಿಲಿನಲ್ಲಿ 'ಪುಷ್ಯ' ಎಂದು ಬರೆದೆ. ರೆಕಾರ್ಡ್ ಪುಸ್ತಕದ ನೀರಿನ ಕಾಲಮ್ಮಿನ ಎದುರು ತುಂಬಾ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಮಳೆ ನೀರು ಅಂತ ಬರೆದರೆ ಯಾಕೆ ಅಂತ ಕೇಳುತ್ತಾರೆ, ಯಾಕೆ ಅಂತ ಹೇಳಿದರೆ ಕಾಯಿಲ್ ಸುಟ್ಟ ವಿಷಯ ಹೊರಗೆ ಬರುತ್ತದೆ.

"ಬರಿ ತಂಗಿ, ಭಟ್ಟಿ ನೀರು ಅಂತ್ಲೇ ಬರಿ," ಅಂದ ದ್ಯಾವಣ್ಣ. "ಆಕಾಶದಾಗೂ ಸೂರ್ಯ ಮಾಡೋದು ಭಟ್ಟಿ ಕೆಲಸನೇ ಅಲ್ವ?"

ಬರೆದೆ.

ಮೊದಲು ನಮ್ಮಲ್ಲೇ ಅಳೆದದ್ದು. ಭಾನುವಾರ ಬೆಳಿಗ್ಗೆ ಊರಿಂದ ಬಂದ ಸಾರ್, ನಗರದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ ಲೂಪ್ ಟ್ರೇಸರಿಗೆ ಹಾಕಿದರು. ಆ ಯಂತ್ರ ಅವರೇ ಕಟ್ಟಿದ್ದು. ಸುರುಳಿಯ ನಡುವೆ ಪುಡಿ ಇಟ್ಟು ಕರೆಂಟು ಹಾಯಿಸಿದರೆ ಅಯಸ್ಕಾಂತದ ಬಲ ಏರಿ ಇಳಿಯುತ್ತದೆ. ಪುಡಿ ಅದಕ್ಕೆ ಹೇಗೆ ಓಗೊಡುತ್ತದೆ ಅನ್ನುವುದು ಗುಂಡು ಪರದೆಯ ಮೇಲೆ ಹಸಿರು ಗೆರೆಯಾಗಿ ಕಾಣುತ್ತದೆ. ಬಲ ತೆಗೆದರೂ ವಸ್ತು ಸ್ವಲ್ಪ ನೆನಪು ಇಟ್ಟುಕೊಳ್ಳುತ್ತದೆ. ಅದಕ್ಕೇ ಗೆರೆ ಹೋದ ದಾರಿ ಒಂದು, ಬರುವ ದಾರಿ ಒಂದು. ನಡುವೆ ಬಿದಿರೆಲೆಯ ಆಕಾರ ಬಿಡುತ್ತದೆ, ಅದೇ ಲೂಪ್. ಕುಲುಮೆಯಲ್ಲಿ ಕಾಯಿಸಿದ ಹಿಂದಿನ ಪುಡಿಗಳೆಲ್ಲ ಅಂಥ ಎಲೆಯನ್ನೇ ಕೊಟ್ಟಿದ್ದವು.

ಕಾಯಿಸದ ಪುಡಿಯನ್ನು ಯಂತ್ರಕ್ಕೆ ಹಾಕಿದ್ದು ಇದೇ ಮೊದಲು, ಈ ಪುಡಿ ಎಲೆ ಕೊಡಲಿಲ್ಲ. ಅಯಸ್ಕಾಂತ ತಂದರೆ ಮುಳ್ಳುಹಂದಿಯ ಹಾಗೆ ಎದ್ದು ನಿಲ್ಲುತ್ತಿತ್ತು. ಯಂತ್ರಕ್ಕೆ ಹಾಕಿದರೆ ಬಗ್ಗಿದ ಒಂದೇ ಒಂದು ಗೆರೆ. ಸಾರ್ ಗುಂಡಿ ತಿರುಗಿಸಿದರು, ತಂತಿ ಬಿಚ್ಚಿ ಮತ್ತೆ ಕಟ್ಟಿದರು. ಮನಸ್ಸು ಎಲ್ಲೋ ಹೋದಾಗ ಅವರಿಗೆ ಮನೆಮಾತು ಬರುತ್ತಿತ್ತು.

"ಎಲೆ ಇಲ್ಲೆ, ನರ ಮಾತ್ರ ಇದ್ದು," ಅಂದರು, ತಮಗೇ ಹೇಳಿಕೊಂಡ ಹಾಗೆ. "ಹೋದ ದಾರಿಲೇ ವಾಪಸ್ ಬತ್ತು ನೋಡು."

ಆಮೇಲೆ ಪರದೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಪೆನ್ಸಿಲಿನಲ್ಲಿ ಆ ಗೆರೆ ಎತ್ತಿಕೊಂಡರು. ನೀರಿನಲ್ಲಿ ಏನೂ ಹೆಚ್ಚುಕಡಿಮೆ ಆಗ್ಲಿಲ್ಲ ತಾನೇ ಎಂದು ಕೇಳಿದರು. ಕೇಳಿದ್ದು ಸಂಶಯದಿಂದಲ್ಲ, ಲ್ಯಾಬಿನ ರೂಢಿಗೆ. ಇಲ್ಲ ಸಾರ್ ಅಂದೆ.

ಸಾರ್ ನಗರದಿಂದ ಬುಧವಾರ ಬಂದರು, ಅಷ್ಟರಲ್ಲಿ ದ್ಯಾವಣ್ಣ ಭಟ್ಟಿಗೆ ಬೇರೆ ಕಾಯಿಲ್ ಹಾಕಿಸಿಯಾಗಿತ್ತು. ಬ್ಯಾಗಿನಿಂದ ಎಕ್ಸ್‌ರೇ ಫಿಲಂ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕಾಯಿಸಿದ ಪುಡಿಯ ಫಿಲಮ್ಮಿನಲ್ಲಿ ಗೆರೆಗಳು ಕೂದಲೆಳೆಯ ಹಾಗೆ ಚೂಪು. ನಾನು ತೊಳೆದದ್ದರಲ್ಲಿ ಅವೇ ಗೆರೆಗಳು, ಅದೇ ಜಾಗದಲ್ಲಿ. ಆದರೆ ಒದ್ದೆ ಕಾಗದದ ಮೇಲೆ ಬರೆದ ಹಾಗೆ ಅಗಲಕ್ಕೆ ಹರಡಿಕೊಂಡು ಮಸುಕು. ಗೈಡ್ ನೋಡಿ, ಗೆರೆಯೂ ಮಸುಕು, ಲೂಪೂ ಇಲ್ಲ, ಪುಡಿ ಕೆಟ್ಟಿದೆ, ಏನೋ ಬೆರಕೆಯಾಗಿದೆ ಅಂದರಂತೆ. ಕಾಯಿಸದ ಪುಡಿಯ ವಿಚಾರವನ್ನೇ ಪ್ರಬಂಧದಿಂದ ಬಿಟ್ಟುಬಿಡಿ, ಎಲ್ಲವನ್ನೂ ಕಾಯಿಸಿಯೇ ಅಳೆಯಿರಿ ಅಂದರಂತೆ. ಆ ಅಧ್ಯಾಯಕ್ಕಾಗಿ ಸಾರ್ ಎರಡು ವರ್ಷ ಓದಿದ್ದರು. ಅವರ ಪ್ರಬಂಧದಲ್ಲಿ ಅವರದೇ ಅನ್ನುವಂಥದ್ದು ಅದೊಂದೇ. ಬಾಕಿ ಎಲ್ಲ ಬೇರೆಯವರು ಮಾಡಿದ್ದನ್ನು ಮತ್ತೆ ಮಾಡಿದ್ದು. ಇದನ್ನೂ ಅವರೇ ನನಗೆ ಹೇಳಿದ್ದರು.

ಬೆರಕೆ ಅನ್ನುವ ಮಾತು ಕೇಳಿದಾಗ ನನ್ನ ಕೈಯಲ್ಲಿ ಬೀಕರ್ ಇತ್ತು. ಅದನ್ನು ಕೆಳಗಿಟ್ಟು ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಸಾರ್ ಫಿಲಮ್ಮನ್ನು ಕವರಿಗೆ ಹಾಕಿ, ನೀನೇನು ಮಾಡ್ತೀಯ ಪಾಪ, ಎರಡು ದಿನ ತೊಳೆದಿದೀಯ ಅಂದರು. ಆ ಕರುಣೆಯ ಮಾತಿಗೆ ನನ್ನ ಬಾಯಿ ಮುಚ್ಚಿಹೋಯಿತು.

ಪ್ರಬಂಧ ಮುಗಿಯಿತು. ಸಾರ್ ಡಾಕ್ಟರ್ ಆದರು. ನನ್ನ ಕೆಲಸ ಕಾಯಂ ಆಯಿತು. ಪ್ರಿನ್ಸಿಪಾಲರು ಬದಲಾದರು, ಲ್ಯಾಬಿಗೆ ಹೊಸ ಬೀರು ಬಂತು. ಸಾರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅಲ್ಲಿ ಲೂಪ್ ಟ್ರೇಸರ್ ಇಲ್ಲ, ಕುಲುಮೆ ಇಲ್ಲ, ಬರೀ ಪಾಠ. ಸಾಗರದ ಲ್ಯಾಬಿಗೆ ಬಂದವರು ಯಂತ್ರಕ್ಕೆ ಬಟ್ಟೆ ಹೊದಿಸಿದರು. ವಾರಕ್ಕೊಂದು ಸಲ ಆ ಬಟ್ಟೆ ತೆಗೆದು ಧೂಳು ಹೊಡೆಯುವುದು ನನ್ನ ಕೆಲಸ. ಅಮಾವಾಸ್ಯೆ ಬಂದರೆ, ಗಿರಣಿಯ ಸದ್ದು ನಿಂತರೆ, ಇವತ್ತು ವೋಲ್ಟೇಜ್ ಚೆನ್ನಾಗಿದೆಯಲ್ಲ ಎಂದು ಮನಸ್ಸು ಎದ್ದು ನಿಲ್ಲುತ್ತಿತ್ತು. ಬೀರುವಿನ ಹಿಂದಿನ ಸಾಲಿನಲ್ಲಿ ಪುಷ್ಯದ ಬಾಟಲಿ ಹಾಗೇ ಇತ್ತು. ಕೆಟ್ಟ ಪುಡಿಯನ್ನು ಚೆಲ್ಲಬೇಕಾಗಿತ್ತು, ನಾನು ಚೆಲ್ಲಲಿಲ್ಲ.

ರಜಕ್ಕೆ ಮೇಳಿಗೆಗೆ ಹೋಗುವಾಗ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸಾರ್ ಎಲ್ಲಾದರೂ ಕಾಣುತ್ತಾರೋ ಎಂದು ನೋಡುತ್ತಿದ್ದೆ. ಒಂದೆರಡು ಸಲ ಕಂಡರು. ಟ್ರೇಸರ್ ಹೇಗಿದೆ ಎಂದು ಮನೆಯವರ ಆರೋಗ್ಯ ಕೇಳಿದ ಹಾಗೆ ಕೇಳುತ್ತಿದ್ದರು.

ಎಂಬತ್ತರ ದಶಕ ಅರ್ಧ ಆಗಿತ್ತು. ಒಂದು ಸಲ ಅದೇ ಬಸ್‌ಸ್ಟ್ಯಾಂಡಿನಲ್ಲಿ ಸಾರೇ ನನ್ನನ್ನು ದೂರದಿಂದ ಕಂಡು ಬೇಗ ಬೇಗ ಬಂದರು. ತಲೆ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಜೆರಾಕ್ಸ್ ಹಾಳೆಗಳು. ನಗರದ ಲೈಬ್ರರಿಯಲ್ಲಿ ಯಾವುದೋ ಹುಡುಕಲು ಹೋಗಿ ಒಂದು ವಿದೇಶದ ಲೇಖನ ಸಿಕ್ಕಿತಂತೆ. ಅದರಲ್ಲಿದ್ದ ಚಿತ್ರ ತೋರಿಸಿದರು. ಬಗ್ಗಿದ ಒಂದೇ ಗೆರೆ, ಎಲೆ ಇಲ್ಲ. ಪಕ್ಕದ ಚಿತ್ರದಲ್ಲಿ ಎಕ್ಸ್‌ರೇ ಗೆರೆಗಳು, ಮಸುಕು.

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ವಿವರಿಸಿದರು. ಕಣ ತೀರಾ ಸಣ್ಣದಾದರೆ ಎಕ್ಸ್‌ರೇ ಗೆರೆ ಅಗಲವಾಗುತ್ತದೆ. ಅದು ಬೆರಕೆಯಲ್ಲ, ಸಣ್ಣತನದ ಗುರುತು. ಅಷ್ಟು ಸಣ್ಣ ಕಣದೊಳಗಿನ ಅಯಸ್ಕಾಂತದ ಮುಳ್ಳು ಕೋಣೆಯ ಬಿಸಿಗೇ ಅತ್ತಿತ್ತ ಹೊರಳುತ್ತಿರುತ್ತದೆ. ಬಲ ಹಾಕಿದರೆ ಎಲ್ಲ ಮುಳ್ಳುಗಳೂ ಸಾಲಾಗಿ ನಿಲ್ಲುತ್ತವೆ. ತೆಗೆದರೆ ಏನೂ ಆಗದ ಹಾಗೆ ಚದುರುತ್ತವೆ, ನೆನಪೇ ಉಳಿಯುವುದಿಲ್ಲ. ಕಾಯಿಸಿದಾಗ ಕಣಗಳು ಕೂಡಿಕೊಂಡು ದೊಡ್ಡವಾಗುತ್ತವೆ, ಎಲೆ ಬರುತ್ತದೆ. ಈಗಿನ ಮಕ್ಕಳು ಇದಕ್ಕೆಲ್ಲ ನ್ಯಾನೋ ಅನ್ನುತ್ತಾರೆ. ನಮಗೆ ಆಗ ಆ ಹೆಸರೂ ಇರಲಿಲ್ಲ.

"ನಾವು ನೋಡಿದ್ದೂ ಇದೇ ಆಗಿತ್ತಾ, ಇಲ್ಲಾ ನಮ್ಮದು ನಿಜವಾಗ್ಲೂ ಕೆಟ್ಟಿತ್ತಾ? ಅದೊಂದು ಗೊತ್ತಾಗ್ಬೇಕು ನಂಗೆ," ಅಂದರು. "ಅವತ್ತು ಮಾಡಿದ್ದರಲ್ಲಿ ಏನಾದ್ರೂ ವ್ಯತ್ಯಾಸ ಇತ್ತಾ ಸುಲೋಚನ? ನೆನಪು ಮಾಡ್ಕೊ."

ಹತ್ತು ವರ್ಷ ಮುಚ್ಚಿಟ್ಟದ್ದು ಅವತ್ತು ಹೊರಗೆ ಬಂತು. ಕಾಯಿಲ್, ಪುಷ್ಯ ಮಳೆ, ಬೇಸಿನ್ನು, ನೀರಿನ ಕಾಲಂ, ಎಲ್ಲ ಹೇಳಿದೆ. ಮೇಳಿಗೆಯ ಬಸ್ಸು ಬಂದು ನಿಂತು ಹೋಯಿತು. ಸಾರ್ ಹಾಳೆಗಳನ್ನು ಮಡಚಿದರು.

"ಎಷ್ಟು ಸಲ ತೊಳ್ದೆ?"

"ಹದಿನೇಳು ಸಲ ಸಾರ್."

"ಸಿಲ್ವರ್ ನೈಟ್ರೇಟ್ ಹಾಕಿದ್ಯ?"

"ಹಾಕಿದ್ದೆ. ತಿಳಿಯಾಗೇ ಇತ್ತು."

ಮಡಚಿದ ಹಾಳೆಯ ಅಂಚನ್ನು ಉಗುರಿನಿಂದ ತೀಡಿದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಮೆಲ್ಲಗೆ, "ಅವತ್ತೇ ಹೇಳಿದ್ರೆ ನಾನು ಭಟ್ಟಿ ನೀರಲ್ಲಿ ಇನ್ನೊಂದ್ಸಲ ಮಾಡಿ ನೋಡ್ತಿದ್ದೆ ಮಾರಾಯ್ತಿ. ಮತ್ತೂ ಹಾಗೇ ಬಂದಿದ್ರೆ ಗೈಡ್ ಹತ್ರ ಜಗಳ ಆಡ್ತಿದ್ದೆ," ಅಂದರು.

ಹೊಸಬರು ಇಲ್ಲಿ ಸ್ವಲ್ಪ ನಿಲ್ಲಬೇಕು. ಮಳೆ ನೀರು ಹಾಕಿದ್ದು ನನ್ನ ತಪ್ಪಲ್ಲ ಎಂದು ಆಮೇಲೆ ಗೊತ್ತಾಯಿತು. ಬರೆಯದೆ ಇದ್ದದ್ದು ತಪ್ಪು. ಮತ್ತೊಮ್ಮೆ ಮಾಡಿ ನೋಡುವುದಕ್ಕೆ ಅವರಿಗೆ ಒಂದು ಕಾರಣ ಬೇಕಾಗಿತ್ತು. ಅದು ನನ್ನ ಹತ್ತಿರ ಇತ್ತು, ನಾನು ಕೊಡಲಿಲ್ಲ.

ಮಳೆಗಾಲಕ್ಕೆ ಕಾದೆವು. ಪುಷ್ಯ ಹುಟ್ಟಿದ ವಾರ ಸಾರ್ ರಜೆ ಹಾಕಿ ಹೊಸನಗರದ ಮೇಲೆ ಸಾಗರಕ್ಕೆ ಬಂದರು. ಯಂತ್ರದ ಬಟ್ಟೆ ತೆಗೆದೆ. ಗಸಿ ಇಳಿಸಿ, ಕುದಿಸಿ, ಎರಡು ಪಾಲು ಮಾಡಿದೆವು. ಒಂದನ್ನು ಭಟ್ಟಿ ನೀರಿನಲ್ಲಿ, ಇನ್ನೊಂದನ್ನು ಮಳೆ ನೀರಿನಲ್ಲಿ ತೊಳೆದೆ. ಎರಡೂ ಹದಿನೇಳು ಸಲ. ದ್ಯಾವಣ್ಣನಿಗೆ ಆಗ ಮಂಡಿನೋವು, ಆದರೂ ಕೊಡೆ ಹಿಡಿಯಲು ಬಂದ. "ಹಂಡೆ ತರ್ಲಾ ಸಾರ್?" ಅಂದ. ಸಾರ್ ನಕ್ಕರು. ಬಂದಮೇಲೆ ಅವರು ನಕ್ಕದ್ದು ಅದೇ ಮೊದಲು.

ಭಟ್ಟಿ ನೀರಿನದನ್ನು ಮೊದಲು ಹಾಕಿದರು. ನಾನು ಪರದೆ ನೋಡದೆ ಗೋಡೆ ನೋಡುತ್ತಿದ್ದೆ. ಎಲೆ ಬಂದರೆ ಹತ್ತು ವರ್ಷದ ಕೆಳಗೆ ಕೆಡಿಸಿದವಳು ನಾನೇ ಎಂದು ಸಾಬೀತು. ದ್ಯಾವಣ್ಣ ನನ್ನ ಭುಜ ಮುಟ್ಟಿ ತಿರುಗಿಸಿದ. ಪರದೆಯ ಮೇಲೆ ಒಂದೇ ಗೆರೆ. ನರ ಮಾತ್ರ.

ಮಳೆ ನೀರಿನದೂ ಅದೇ. ಬೀರುವಿನಿಂದ ಹಳೆಯ ಬಾಟಲಿ ತಂದುಕೊಟ್ಟೆ. ಸಾರ್ ಅದರ ಮೇಲಿನ 'ಪುಷ್ಯ' ಓದಿ ನನ್ನ ಮುಖ ನೋಡಿದರು. ಅದನ್ನೂ ಹಾಕಿದರು. ಆಮೇಲೆ ತಮ್ಮ ಚೀಲದಿಂದ ಹಳದಿಯಾಗಿದ್ದ ಟ್ರೇಸಿಂಗ್ ಕಾಗದ ತೆಗೆದು ಪರದೆಯ ಮೇಲೆ ಇಟ್ಟರು. ಅವರೂ ಅದನ್ನು ಚೆಲ್ಲಿರಲಿಲ್ಲ. ಹಳೆಯ ಪೆನ್ಸಿಲ್ ಗೆರೆಯ ಅಡಿಯಲ್ಲಿ ಹಸಿರು ಗೆರೆ ಬಂದು ಕೂತಿತು.

"ಸರೀನೇ ಇತ್ತು," ಅಂದರು ಸಾರ್.

ಕಾಗದವನ್ನು ಹಾಗೇ ಅಂಗೈಯಲ್ಲಿ ಒತ್ತಿ ಹಿಡಿದುಕೊಂಡಿದ್ದರು. ನಾನೂ ಕೇಳ್ಬೇಕಿತ್ತು, ಗೈಡ್ ಹೇಳಿದ್ರು ಅಂತ ಬಿಟ್ಟೆ, ನಿಂದೊಬ್ಳದ್ದೇ ಅಲ್ಲ ಅಂದರು. ಅಷ್ಟರಲ್ಲಿ ಲೋಕದಲ್ಲಿ ಬೇರೆಯವರು ಅದನ್ನೆಲ್ಲ ಬರೆದು ಮುಗಿಸಿದ್ದರು. ನಮ್ಮದನ್ನು ಯಾರಿಗೂ ಕಳಿಸುವುದಿರಲಿಲ್ಲ. ಮೂವರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ಸಾರ್ ಆಮೇಲೆ ಒಬ್ಬರೇ ಲ್ಯಾಬಿಗೆ ಹೋಗಿ ಸ್ವಲ್ಪ ಹೊತ್ತು ಇದ್ದು, ಬೀಗದ ಕೈ ನನಗೆ ಕೊಟ್ಟು, ಸಂಜೆಯ ಬಸ್ಸಿಗೆ ಹೋದರು.

ಅವರು ಇನ್ನೂ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಅದಾಗಿ ಎಂಟು ತಿಂಗಳಿಗೆ ನಮ್ಮ ಲ್ಯಾಬಿಗೆ ಹೊಸ ಉಪನ್ಯಾಸಕಿ ಬಂದಳು. ಫೆರೈಟ್ ಮೇಲೆಯೇ ಓದಿದವಳು, ಚುರುಕು ಹುಡುಗಿ. ಬೀರು ಜಾಲಾಡಿ ಹಳೆಯ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. ನಾನು ಕೊಳವೆಗಳನ್ನು ಒರೆಸುತ್ತಿದ್ದೆ.

"ಇಲ್ಲಿ ಬರೆದಿರೋ ಸುಲೋಚನ ಅಂದ್ರೆ ನೀವೇನಾ ಮೇಡಂ?" ಅಂತ ಕೇಳಿದಳು.

ಹೋಗಿ ನೋಡಿದೆ. ನೀರಿನ ಕಾಲಮ್ಮಿನಲ್ಲಿ ನನ್ನ ಅಕ್ಷರದ 'ಭಟ್ಟಿ ನೀರು' ಎಂಬುದರ ಮೇಲೆ ಒಂದು ಅಡ್ಡಗೆರೆ. ಅದರ ಕೆಳಗೆ ಸಾರ್ ಕೈಬರಹ: 'ಪುಷ್ಯ ಮಳೆಯ ನೀರು. ಹದಿನೇಳು ಸಲ. ತೊಳೆದವರು ಸುಲೋಚನ. ಸರಿಯಾಗಿ ತೊಳೆದಿದ್ದಾರೆ.' ಕೆಳಗೆ ಅವರ ಸಹಿ.

ಹೌದು ಅಂದೆ. ಹೇಗೆ ತೊಳೆಯುವುದು ತೋರಿಸ್ತೀರಾ ಎಂದು ಅವಳು ಕೇಳಿದಳು. ನಾನು ಬೀರುವಿನಿಂದ ಎನಾಮಲ್ ಬೇಸಿನ್ನು ತೆಗೆದೆ.